ತಮ್ಮ ವರದಿಯ ಕಸದ ರಾಶಿಯಲ್ಲಿ ತಮ್ಮದೇ ಫ್ಯಾನುಗಳು

ನಗರಸಭೆಯ ಸುಧಾರಣಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ತಮ್ಮ ಸಮಿತಿಯು ನಮ್ಮ ರಿಪೇರಿ ಓಣಿಯನ್ನು ಕಸದ ತಿಪ್ಪೆ ಎಂದು ತೀರ್ಮಾನಿಸಿದೆ. ಆ ತಿಪ್ಪೆಯಲ್ಲಿ ಕೂತು ಕೆಲಸ ಮಾಡುವವರಲ್ಲಿ ನಾನೂ ಒಬ್ಬಳು. ಓಣಿಯನ್ನು ತೆರವು ಮಾಡಿ, ಅದೇ ಜಾಗದಲ್ಲಿ ‘ಮರುಬಳಕೆ ಜಾಗೃತಿ ಕೇಂದ್ರ’ ಕಟ್ಟುವುದಾಗಿ ಸುಧಾರಣಾ ಯೋಜನೆಯಲ್ಲಿ ಬರೆದಿದ್ದೀರಿ. ಹಳೆಯ ವಸ್ತುಗಳನ್ನು ಎಸೆಯದೆ ಮತ್ತೆ ಬಳಸುವುದು ಹೇಗೆಂದು ಅಲ್ಲಿ ಗೋಡೆಗೆ ಬಣ್ಣದ ಚಿತ್ರ ಹಾಕಿ ಜನರಿಗೆ ತಿಳಿಸಿಕೊಡುವಿರಂತೆ. ಹಳೆಯ ವಸ್ತುಗಳನ್ನು ಎಸೆಯದಂತೆ ಮಾಡಿಯೇ ಹೊಟ್ಟೆ ಹೊರೆಯುತ್ತಿರುವ ನಮ್ಮನ್ನು ಎಬ್ಬಿಸಿ! ಇದನ್ನು ಓದಿದ ದಿನ ಸಿಟ್ಟು ಬಂದಿತ್ತು. ಈಗ ಸಿಟ್ಟಿಗೂ ಸುಸ್ತಾಗಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬರೆದು ಕೊಡಿ ಅಂದವರು ತಾವೇ.

ಆ ಮಾತು ತಮಗೆ ನೆನಪಿರಲಿಕ್ಕಿಲ್ಲ. ಯೋಜನೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಮೊದಲ ಸಭೆ ತಮ್ಮ ಸಭಾಂಗಣದಲ್ಲಿ ನಡೆಯಿತು. ನಾನು ಹಿಂದಿನ ಸಾಲಿನಲ್ಲಿ ಎದ್ದು ನಿಂತು ಮಾತಾಡಿದೆ. ತಲೆಯ ಮೇಲೆ ಫ್ಯಾನುಗಳು ಗಡಗಡ ಅನ್ನುತ್ತಿದ್ದವು. ತಾವು ಕಿವಿಗೆ ಕೈ ಆನಿಸಿಕೊಂಡು, “ಈ ಫ್ಯಾನ್ ಸದ್ದಿಗೆ ಏನೂ ಕೇಳಿಸ್ತಿಲ್ಲಮ್ಮ, ಬರೆದು ಕೊಡಿ” ಅಂದಿರಿ. ಗಂಟಲು ಹರಿಯುವ ಹಾಗೆ ಇನ್ನೊಮ್ಮೆ ಕೂಗಿದೆ. “ಆಯ್ತು ಆಯ್ತು, ಊಟಕ್ಕೆ ಹೊತ್ತಾಯ್ತು” ಅಂದು ಎದ್ದುಬಿಟ್ಟಿರಿ. ಆ ಸದ್ದು ತಮಗೂ ತಲೆನೋವು ತಂದಿರಬೇಕು. ಮುಂದಿನ ವಾರವೇ ತಮ್ಮ ಉಗ್ರಾಣದವರು ಫ್ಯಾನುಗಳನ್ನೆಲ್ಲ ಇಳಿಸಿ, ಗಾಡಿಗೆ ಹೇರಿಕೊಂಡು ರಿಪೇರಿಗೆ ತಂದರು. ಎಲ್ಲಿಗೆ? ನಮ್ಮ ಓಣಿಗೆ. ಅದರಲ್ಲೂ ನನ್ನ ಅಂಗಡಿಗೆ.

ನಮ್ಮದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಫ್ಯಾನು, ಪಂಪು, ಹೊಲಿಗೆ ಯಂತ್ರದ ಮೋಟಾರು, ಇವುಗಳ ಒಳಗಿನ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತಿ ಕೊಡುತ್ತೇವೆ. ಕೆಲಸ ಕಲಿಸಿದ್ದು ನನ್ನ ಅತ್ತೆ. ಅವರ ಮಗ, ಅಂದರೆ ನನ್ನ ಗಂಡ, ಬಸ್ಸು ಓಡಿಸುತ್ತಾರೆ. ಸ್ಕ್ರೂಡ್ರೈವರ್ ಕಂಡರೆ ಅವರಿಗೆ ಆಕಳಿಕೆ ಬರುತ್ತದೆ. ಅತ್ತೆಗೆ ಈಗ ಕಣ್ಣು ಮಂದವಾಗಿದೆ, ಬಾಯಿ ಮಂದವಾಗಿಲ್ಲ. ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಓಣಿಯ ಆಡಳಿತವನ್ನು ನೋಡಿಕೊಳ್ಳುತ್ತಾರೆ.

ಓಣಿಯ ಪ್ರತಿ ಅಂಗಡಿಯ ಮುಂದೆಯೂ ಸತ್ತ ಯಂತ್ರಗಳ ಒಂದು ರಾಶಿ ಇರುತ್ತದೆ. ಇನ್ನು ಯಾವ ಕಾಲಕ್ಕೂ ತಿರುಗದವು. ಆದರೆ ಒಂದರಲ್ಲಿ ಬೇರಿಂಗ್ ಚೆನ್ನಾಗಿರುತ್ತದೆ, ಇನ್ನೊಂದರಲ್ಲಿ ಗೇರು, ಮತ್ತೊಂದರಲ್ಲಿ ಬರಿಯ ಮುಚ್ಚಳ. ಕಂಪನಿ ಆ ಭಾಗ ಮಾಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾದ ಮೇಲೆ ಯಾರೋ ಅಂಥದ್ದೇ ಯಂತ್ರ ಹಿಡಿದುಕೊಂಡು ಬರುತ್ತಾರೆ. ಆಗ ಈ ರಾಶಿಗೆ ಕೈ ಹಾಕುತ್ತೇವೆ. ನಾವು ಅವುಗಳನ್ನು ‘ಅಜ್ಜಿ’ ಅನ್ನುತ್ತೇವೆ. ಹೆಸರಿಟ್ಟವರೂ ಅತ್ತೆಯೇ. “ತನಗೆ ಏಳೋಕಾಗಲ್ಲ, ಆದ್ರೂ ಬಂದೋರಿಗೆಲ್ಲ ಸೆರಗಿನಿಂದ ಏನಾದ್ರೂ ಬಿಚ್ಚಿ ಕೊಡ್ತಾನೇ ಇರ್ತಾಳೆ. ಇನ್ನೇನು ಅನ್ನಬೇಕು ಅವಳನ್ನ?” ಅನ್ನುತ್ತಾರೆ. ಆ ರಾಶಿಯ ಪಕ್ಕದಲ್ಲೇ ಸರದಿ ಕಾಯುತ್ತಿರುವ ಗಿರಾಕಿಗಳ ಸಾಮಾನನ್ನೂ ಇಡುತ್ತೇವೆ. ಒಳಗೆ ಜಾಗವೆಲ್ಲಿದೆ? ತಮ್ಮ ಫ್ಯಾನುಗಳೂ ಅಲ್ಲೇ ಇದ್ದವು, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ನಗರಸಭೆಯ ಗುರುತು.

ಆಗ ಬಂದವರು ತಮ್ಮ ಮೌಲ್ಯಮಾಪಕರು. ಯೋಜನೆಯಿಂದ ಪರಿಸರಕ್ಕೆ ಒಳಿತೋ ಕೆಡುಕೋ ಎಂದು ಅಳೆಯಲು ನೇಮಕವಾದವರು. ಒಳ್ಳೆಯ ಹುಡುಗಿ, ಸುಳ್ಳು ಹೇಳಬಾರದು. ನೀರು ಕೊಟ್ಟರೆ ಕುಡಿದಳು, ಅತ್ತೆಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು.

“ಏನಮ್ಮ ನಿನ್ನ ಕೆಲಸ?” ಅಂದರು ಅತ್ತೆ.

“ಸುಸ್ಥಿರತೆ ನೋಡೋದು ಅಜ್ಜಿ.”

“ಹಾಗಂದ್ರೆ?”

“ಅಂದ್ರೆ... ಬಾಳಿಕೆ ಬರೋ ಹಾಗೆ ಬದುಕೋದು. ಜಾಸ್ತಿ ಎಸೀದೆ ಇರೋದು.”

“ಅಯ್ಯೋ, ನಮ್ಮ ಕೆಲಸಾನೇ! ಹಾಗಾದ್ರೆ ಚೆನ್ನಾಗಿ ಬರ್ಕೋ” ಅಂದರು ಅತ್ತೆ, ಕುರ್ಚಿಯಲ್ಲಿ ನೆಟ್ಟಗೆ ಕೂತು.

ಹುಡುಗಿ ಕೈಯಲ್ಲಿದ್ದ ಟ್ಯಾಬನ್ನು ಮೇಲೆ ಕೆಳಗೆ ಸರಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಅಕ್ಕ, ಇದ್ರಲ್ಲಿ ರಿಪೇರಿಗೆ ಕಾಲಂ ಇಲ್ಲ. ಕಸ ಅಂತ ಇದೆ, ಹೊಸ ಖರೀದಿ ಅಂತ ಇದೆ, ಹಸಿರು ಜಾಗ ಅಂತ ಇದೆ” ಅಂದಳು. “ಹಾಗಾದ್ರೆ ನಮ್ಮನ್ನ ಎಲ್ಲಿ ಹಾಕ್ತೀಯ?” ಅಂದೆ. “ಮೇಲಿನವರನ್ನ ಕೇಳ್ತೀನಿ ಅಕ್ಕ” ಅಂದು ರಾಶಿಯ ಫೋಟೋ ತೆಗೆದುಕೊಂಡು ಹೋದಳು. ಮೇಲಿನವರು ಏನು ಹೇಳಿದರೆಂದು ವರದಿ ಬಂದ ಮೇಲೆ ಗೊತ್ತಾಯಿತು. ಚಿತ್ರದ ಅಡಿಯಲ್ಲಿ ‘ಅನಧಿಕೃತ ಘನತ್ಯಾಜ್ಯ’ ಎಂದಿದೆ. ಕನ್ನಡಕ ಹಾಕಿಕೊಂಡು ನೋಡಿ ಸ್ವಾಮಿ, ಆ ತ್ಯಾಜ್ಯದ ಮೇಲೆ ತಮ್ಮದೇ ಗುರುತು ಎಷ್ಟು ಸ್ಪಷ್ಟವಾಗಿ ಬಂದಿದೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಕಡೆಯೂ ಇರುತ್ತಾರೆ. ತಮ್ಮಲ್ಲಿ ಅವರಿಗೆ ಲಾರಿಯೂ ಇದೆ. ಒಂದು ಬೆಳಗ್ಗೆ ಸ್ವಚ್ಛತಾ ವಿಭಾಗದವರು ಬಂದು ಓಣಿಯ ಅಜ್ಜಿಯರನ್ನೆಲ್ಲ ಲಾರಿಗೆ ತುಂಬಿದರು. ಗಿರಾಕಿಗಳ ಸಾಮಾನನ್ನು ತುಂಬಿದರು. ತಮ್ಮ ಫ್ಯಾನುಗಳನ್ನೂ ತುಂಬಿದರು. “ಅಯ್ಯೋ, ಅದು ನಿಮ್ಮ ಆಫೀಸಿಂದೇ ಕಣ್ರಪ್ಪ!” ಎಂದು ನಾನು ಲಾರಿಯ ಹಿಂದೆ ಓಡಿದೆ. “ಮೇಡಂ, ಫೋಟೋದಲ್ಲಿ ಇರೋದೆಲ್ಲ ಎತ್ತಿ ಅಂದಿದ್ದಾರೆ” ಅಂದರು. ಅತ್ತೆ ಕುರ್ಚಿಯಿಂದಲೇ, “ನನ್ನನ್ನೂ ಹಾಕ್ಕೊಂಡು ಹೋಗ್ರೋ, ನಾನೂ ಹಳೇ ಸಾಮಾನೇ” ಅಂದರು. ಕೆಲಸಗಾರನೊಬ್ಬ ನಕ್ಕು, “ನೀವು ಫೋಟೋದಲ್ಲಿ ಇಲ್ಲ ಅಜ್ಜಿ” ಅಂದ. ನಾವೂ ನಕ್ಕೆವು. ನಗದೆ ಏನು ಮಾಡುವುದು? ಅತ್ತೆ ಅವತ್ತು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ಹಣೆಬರಹ ಅಂದುಕೊಳ್ಳುತ್ತಿದ್ದೆ. ಕೆಲವು ದಿನ ಬಿಟ್ಟು ಉಗ್ರಾಣದವರು ಬಂದರು. “ಏನಮ್ಮ, ಫ್ಯಾನ್ ರೆಡಿನಾ?”

“ನಿಮ್ಮ ಲಾರೀನೇ ಹೊತ್ಕೊಂಡು ಹೋಯ್ತಲ್ಲ ಸ್ವಾಮಿ.”

“ಲಾರಿ ನಮ್ದಲ್ಲಮ್ಮ, ಸ್ವಚ್ಛತಾ ವಿಭಾಗದ್ದು. ಫ್ಯಾನ್ ಮಾತ್ರ ನಮ್ದು.”

ಅದೇ ವಾರ ನನಗೆ ಎರಡು ನೋಟಿಸು ಬಂದವು. ರಸ್ತೆಯಲ್ಲಿ ತ್ಯಾಜ್ಯ ಸುರಿದದ್ದಕ್ಕೆ ಕಾರಣ ಕೇಳಿ ಒಂದು. ನಗರಸಭೆಯ ಆಸ್ತಿಯನ್ನು ಹಿಂತಿರುಗಿಸದೆ ಇರುವುದಕ್ಕೆ ಕಾರಣ ಕೇಳಿ ಇನ್ನೊಂದು. ಎರಡೂ ಒಂದೇ ಫ್ಯಾನುಗಳ ಬಗ್ಗೆ. ಅತ್ತ ದರಿ, ಇತ್ತ ಪುಲಿ. ದರಿಗೂ ಪುಲಿಗೂ ಒಂದೇ ಮೊಹರು. ಅವು ಕಸವೋ ಆಸ್ತಿಯೋ ಎಂಬುದನ್ನು ತಾವು ತಾವೇ ಕೂತು ತೀರ್ಮಾನಿಸಿ ಒಂದು ಮಾತು ತಿಳಿಸಿದರೆ, ಯಾವುದಕ್ಕೆ ತಪ್ಪೊಪ್ಪಿಕೊಳ್ಳಬೇಕೆಂದು ನಾನೂ ಯೋಚಿಸಬಹುದು.

ಇನ್ನು ಇದೆಲ್ಲ ಆದ ಮೇಲೆ ಬಂದ ತಮ್ಮ ಮೌಲ್ಯಮಾಪನದ ಕೊನೆಯ ಭಾಗ. ಪರಿಸರದ ದೃಷ್ಟಿಯಿಂದ ಯೋಜನೆ ‘ಅತ್ಯುತ್ತಮ’ ಎಂದು ಅದು ಹೇಳುತ್ತದೆ. ಹೇಗೆ ಅತ್ಯುತ್ತಮವಾಯಿತೆಂದು ಓದಿ ನೋಡಿದೆ. ತ್ಯಾಜ್ಯ ತೆರವು ಮಾಡಿದ್ದಕ್ಕೆ ಅಂಕ ಕೊಟ್ಟುಕೊಂಡಿದ್ದೀರಿ. ಅದರಲ್ಲಿ ತಮ್ಮ ಫ್ಯಾನುಗಳ ತೂಕವೂ ಸೇರಿದೆ. ಸಭಾಂಗಣಕ್ಕೆ ವಿದ್ಯುತ್ ಉಳಿಸುವ ಹೊಸ ಫ್ಯಾನುಗಳನ್ನು ತರಿಸುವುದಕ್ಕೂ ಅಂಕ ಕೊಟ್ಟುಕೊಂಡಿದ್ದೀರಿ. ಅಂದರೆ ಫ್ಯಾನು ಎಸೆದದ್ದೂ ಪುಣ್ಯ, ಎಸೆದದ್ದಕ್ಕೆ ಬದಲು ಕೊಂಡದ್ದೂ ಪುಣ್ಯ. ಬೇರಿಂಗ್ ಬದಲಾಯಿಸಿ, ಎಣ್ಣೆ ಬಿಟ್ಟು, ಅದೇ ಫ್ಯಾನನ್ನು ಮತ್ತೆ ತೂಗುಹಾಕಿದ್ದರೆ ಮಾತ್ರ ತಮಗೆ ಏನೂ ಸಿಗುತ್ತಿರಲಿಲ್ಲ. ಈ ಲೆಕ್ಕದಲ್ಲಿ ಊರೆಲ್ಲ ತನ್ನ ಮನೆಯ ಸಾಮಾನನ್ನು ಬೀದಿಗೆ ಎಸೆದು ಹೊಸದು ತಂದುಕೊಂಡರೆ ನಾವೆಲ್ಲ ಉದ್ಧಾರವಾದಂತೆಯೇ ಸರಿ!

ಇದರಿಂದ ಯಾರಿಗೇನು ನಷ್ಟ ಅನ್ನುತ್ತೀರಾ? ಹಿಂದಿನ ಬೀದಿಯಲ್ಲಿ ಒಬ್ಬರು ಹೊಲಿಗೆಯವರಿದ್ದಾರೆ. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಅವರ ಯಂತ್ರ ನನಗಿಂತ ಹಿರಿಯದು. ಲಾರಿ ಹೋದ ಮೇಲೆ ಅದರ ಮೋಟಾರನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ತಂದರು. ಒಳಗೆ ಒಂದು ಗೇರು ಸವೆದಿತ್ತು, ಅಷ್ಟೇ. ಅಂಥ ಗೇರು ನಮ್ಮ ಒಬ್ಬ ಅಜ್ಜಿಯ ಹೊಟ್ಟೆಯಲ್ಲಿತ್ತು. ಎಷ್ಟೋ ಸಲ ಕೈಯಲ್ಲಿ ಹಿಡಿದು, ಇರಲಿ ಯಾರಿಗಾದರೂ ಬೇಕಾಗುತ್ತದೆ ಎಂದು ಮತ್ತೆ ಇಟ್ಟಿದ್ದೆ. “ಆಗಲ್ಲ ಅಕ್ಕ” ಅಂದೆ. “ನೀನು ಆಗಲ್ಲ ಅಂದಿದ್ದು ಯಾವತ್ತೂ ಕೇಳಿಲ್ಲ ಕಣೆ” ಅಂದರು ಅವರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೋಟಾರನ್ನು ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಾಗ ನನಗೆ ಅಳು ಬಂತು. ಶಾಲೆ ಶುರುವಾಗುವ ಕಾಲ ಬಂದಿದೆ, ಅವರ ಯಂತ್ರ ಈಗಲೂ ಮುಚ್ಚಿಕೊಂಡು ಕೂತಿದೆ.

ನಮಗೆ ಬೇರೆ ಜಾಗ ಕೊಡುವ ದಯೆಯನ್ನೂ ತೋರಿಸಿದ್ದೀರಿ. ಹೊಸ ವಾಣಿಜ್ಯ ಸಂಕೀರ್ಣದ ಮೂರನೇ ಮಹಡಿಯಲ್ಲಿ ಮಳಿಗೆಗಳು. ಅಲ್ಲಿ ಭಾರದ ಸಾಮಾನು ಇಡಬಾರದು, ಎಣ್ಣೆ ಚೆಲ್ಲಬಾರದು, ಸದ್ದು ಮಾಡಬಾರದು. ಅಲ್ಲಿ ನಾನು ಏನು ರಿಪೇರಿ ಮಾಡಲಿ, ನನ್ನ ಹಣೆಬರಹವನ್ನೇ? ಸುಧಾರಣೆ ಬೇಡವೆಂದು ನಾವು ಯಾರೂ ಹೇಳುತ್ತಿಲ್ಲ. ಚರಂಡಿ ಮಾಡಿಸಿ, ಕೈಮುಗಿಯುತ್ತೇವೆ. ರಾಶಿ ರಸ್ತೆಗೆ ಬರುತ್ತದೆ ಅನ್ನುವುದೂ ನಿಜ. ಒಂದು ಚಾವಣಿ, ಸುತ್ತ ಒಂದು ಕಂಬಿಯ ತಡೆ ಹಾಕಿಸಿಕೊಡಿ, ಅಚ್ಚುಕಟ್ಟಾಗಿ ಜೋಡಿಸುತ್ತೇವೆ. ಇದನ್ನೇ ಆ ದಿನ ಸಭೆಯಲ್ಲಿ ಹೇಳುತ್ತಿದ್ದೆ. ತಮಗೆ ಕೇಳಿಸಲಿಲ್ಲ.

ಆದ್ದರಿಂದ ಕೇಳುವುದು ಇಷ್ಟು. ಮೌಲ್ಯಮಾಪನವನ್ನು ಮತ್ತೆ ಮಾಡಿಸಿ. ಅದರಲ್ಲಿ ರಿಪೇರಿಗೆ ಒಂದು ಕಾಲಂ ಇರಲಿ. ಆ ಹುಡುಗಿಯನ್ನೇ ಕಳಿಸಿ, ಅವಳ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಈ ಸಲ ತಾವೂ ಜೊತೆಗೆ ಬಂದು ಅತ್ತೆಯ ಪಕ್ಕದ ಸ್ಟೂಲಿನ ಮೇಲೆ ಒಂದು ಹಗಲು ಕೂರಬೇಕು. ಅಲ್ಲಿಯವರೆಗೆ ಓಣಿಯ ಒಂದು ಇಟ್ಟಿಗೆಯನ್ನೂ ಮುಟ್ಟಕೂಡದು.

ಅಂತಿಮ ಸಭೆ ಮತ್ತೆ ಅದೇ ಸಭಾಂಗಣದಲ್ಲಿ ಎಂದು ತಿಳಿಯಿತು. ಹೊಸ ಫ್ಯಾನುಗಳು ಇನ್ನೂ ಬಂದಿಲ್ಲವಂತೆ. ಒಳಗೆ ಕೂರಲಾಗದಷ್ಟು ಸೆಖೆಯಂತೆ. ಲಾರಿ ಬಂದ ದಿನ ತಮ್ಮ ಒಂದು ಫ್ಯಾನು ಮಾತ್ರ ಒಳಗೆ ನನ್ನ ಕೆಲಸದ ಮೇಜಿನ ಮೇಲಿತ್ತು. ಫೋಟೋದಲ್ಲಿ ಇರಲಿಲ್ಲವಾದ್ದರಿಂದ ಉಳಿಯಿತು. ಅದರ ಕೆಲಸ ಮುಗಿಸಿದ್ದೇನೆ. ಸಭೆಯ ದಿನ ತರುತ್ತೇನೆ, ತಮ್ಮ ಕುರ್ಚಿಯ ಮೇಲೇ ತೂಗುಹಾಕಿಸಿ. ಗಾಳಿ ಚೆನ್ನಾಗಿ ಬರುತ್ತದೆ, ಸದ್ದು ಸ್ವಲ್ಪವೂ ಇಲ್ಲ. ಹಿಂದಿನ ಸಾಲಿನಿಂದ ನಾನು ಹೇಳುವುದು ತಮಗೆ ಈ ಸಲ ಕೇಳಿಸುತ್ತದೆ.

ಇಂತಿ,
ತಮ್ಮ ವರದಿಯ ಚಿತ್ರದಲ್ಲಿ ಘನತ್ಯಾಜ್ಯದ ಹಿಂದೆ ಅರ್ಧ ಮುಖ ಕಾಣಿಸುವ ಹೆಂಗಸು