ಕಂದಕದ ಮೆಟ್ಟಿಲ ಮೇಲೆ ಅಮ್ಮ

ಅಣ್ಣ ಫೋಲ್ಕ್‌ಮಾರ್,

ನೀನು ತೀರಿಕೊಂಡು ಮೂರು ವರ್ಷವಾಯಿತು. ಅಮ್ಮನಿಗೆ ಅದು ನೆನಪಿಲ್ಲ. ಇವತ್ತು ಅವಳನ್ನು ಮ್ಯೂನ್‌ಸ್ಟರ್ ಊರಿನ ಸುತ್ತ, ಕಂದಕದ ನೀರಿನ ನಡುವೆ ನಿಂತಿರುವ ಹಳೆಯ ನೀರುಕೋಟೆಗಳಿಗೆ ಕರೆದುಕೊಂಡು ಹೋಗಿದ್ದೆ. ಎರಡು ಕೋಟೆ ನೋಡುವವರೆಗೆ ಗೆಲುವಾಗಿಯೇ ಇದ್ದಳು. ಮೂರನೆಯದರಲ್ಲಿ ನಾನು ಕಾಫಿ ತರಲು ಹೋಗಿ ತಿರುಗಿ ಬರುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು.

ಕಂದಕಕ್ಕೆ ಇಳಿಯುವ ಹಳೆಯ ಮೆಟ್ಟಿಲುಗಳ ಕೊನೆಯಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ ಅವಳು ನಿಂತಿದ್ದಳು. ಕಲ್ಲು ಪಾಚಿಗಟ್ಟಿತ್ತು, ಹಿಡಿಯಲು ಕಂಬಿಯಿರಲಿಲ್ಲ. ನಾನು ಮೆಲ್ಲಗೆ ಇಳಿದು ಕೈ ಚಾಚಿದೆ.

"ಯಾರಯ್ಯಾ ನೀನು? ಹತ್ರ ಬಂದ್ರೆ ಜೋಕೆ!" ಎನ್ನುತ್ತ ಇನ್ನೊಂದು ಹೆಜ್ಜೆ ಹಿಂದೆ ಸರಿದಳು. ನೀರು ಮೊಣಕಾಲಿಗೆ ಬಂತು.

"ಅಮ್ಮ, ನಾನು ಎಗರ್ಟ್. ನಿನ್ನ ಚಿಕ್ಕ ಮಗ."

"ಸುಳ್ಳು ಹೇಳ್ಬೇಡ. ನನ್ನ ಕರ್ಕೊಂಡು ಹೋಗೋಕೆ ಫೋಲ್ಕ್‌ಮಾರ್ ಬರ್ತಾನೆ."

ಬೇರೆ ದಾರಿ ಕಾಣಲಿಲ್ಲ. "ನಾನೇ ಅಮ್ಮ, ಫೋಲ್ಕ್‌ಮಾರ್. ಬಾ, ಕಾಫಿ ಆರಿ ಹೋಗುತ್ತೆ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ಯೋ?" ಎಂದು ಬೈದು ಕೈ ಕೊಟ್ಟಳು. ಒಂದೊಂದೇ ಮೆಟ್ಟಿಲು ಹತ್ತಿಸಿ ಅವಳನ್ನು ಮೇಲಕ್ಕೆ ಕರೆತಂದೆ.

ಕಾರಿನಲ್ಲಿ ಕೂರಿಸಿ ಅವಳ ಒದ್ದೆ ಪಾದ ಒರೆಸುತ್ತಿದ್ದಾಗ ನನ್ನ ತಲೆ ಸವರಿದಳು. "ನೀನು ಆಸ್ಪತ್ರೇಲಿದ್ದಾಗ ಎಗರ್ಟ್ ನೋಡೋಕೂ ಬರ್ಲಿಲ್ಲ ಅಂತ ನೊಂದ್ಕೊಂಡಿದ್ಯಲ್ಲ, ಆ ಕೋಪ ಹೋಯ್ತಾ ಮಗಾ?"

ನಿನ್ನ ಸಾವು ಮರೆತವಳಿಗೆ ಅದೊಂದು ನೆನಪಿದೆ, ಅಣ್ಣ.

"ಹೋಯ್ತಮ್ಮ" ಎಂದೆ, ನಿನ್ನ ಹೆಸರಿನಲ್ಲಿ. ಅವಳು ಸಮಾಧಾನದಿಂದ ನಿದ್ದೆ ಹೋದಳು. ನಾನು ಕಾರು ಹೊರಡಿಸಲಾಗದೆ ಇಲ್ಲೇ ಕುಳಿತು ನಿನಗೆ ಇದನ್ನು ಬರೆಯುತ್ತಿದ್ದೇನೆ.

ಎಗರ್ಟ್