ಪೆನ್ಸಿಲ್ ಹಾಜರಿ

ಶನಿವಾರ, ಜೂನ್ ೧೪
ನಮ್ಮದೇ ಊಟದ ಮೇಜಿನಿಂದ

ನನ್ನ ಪುಟ್ಟಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವ ಗತಿ ಬಂತಲ್ಲ ಎಂದು ನಗಬೇಡ. ‘ಅಮ್ಮಾ, ಸ್ಕೂಲಿನ ಮಾತು ಮನೇಲಿ ಬೇಡ, ಹೇಳೋದಿದ್ರೆ ಬರೆದು ಆಫೀಸಿಗೆ ಕೊಡು’ ಎಂದು ನಿನ್ನೆ ತಟ್ಟೆ ಸರಿಸಿ ಎದ್ದವಳು ನೀನೇ. ಕೊಡುತ್ತಿದ್ದೇನೆ. ಸೋಮವಾರ ಗುಮಾಸ್ತರು ಇದಕ್ಕೊಂದು ಮುದ್ರೆ ಒತ್ತಿ ನಿನ್ನ ಮೇಜಿನ ಮೇಲಿಡುತ್ತಾರೆ.

ಹೊಸ ಹೆಡ್‌ಮಿಸ್ ಆಗಿ ನೀನು ಹೊರತಂದ ‘ಮುಂದಿನ ಹತ್ತು ವರ್ಷ’ ಎಂಬ ಪುಸ್ತಿಕೆಯನ್ನು ಎರಡು ಸಲ ಓದಿದೆ. ನಲವತ್ತೆರಡು ಪುಟಗಳಲ್ಲಿ ‘ಉತ್ಕೃಷ್ಟತೆ’ ಹತ್ತೊಂಬತ್ತು ಸಲ ಬಂದಿದೆ, ಎಣಿಸಿದ್ದೇನೆ. ‘ತಡ’ ಎಂಬ ಮಾತು ಬರುವುದು ಒಂದೇ ಕಡೆ, ಮೂವತ್ತೊಂದನೇ ಪುಟದಲ್ಲಿ. ಅಲ್ಲಿಗೆ ಬಂದಾಗ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ.

ಮೂವತ್ತನಾಲ್ಕು ವರ್ಷ ಆ ಶಾಲೆಯಲ್ಲಿ ಪಾಠ ಮಾಡಿ ಐವರು ಮುಖ್ಯಸ್ಥರ ಕನಸು ಕೇಳಿದವಳು ನಾನು. ಬಣ್ಣದ ಮೇಷ್ಟ್ರು ಗೋಡೆಗಳಿಗೆಲ್ಲ ನೀಲಿ ಬಳಿಸಿದರು, ನೀಲಿ ನೋಡಿದರೆ ಮಕ್ಕಳಿಗೆ ಗಣಿತ ಬರುತ್ತದೆಂದು ಎಲ್ಲೋ ಓದಿದ್ದರಂತೆ. ಸೀಟಿ ಮೇಷ್ಟ್ರು ಸೀಟಿಗೆ ಸರಿಯಾಗಿ ಹೆಜ್ಜೆ ಹಾಕುವ ಪೀಳಿಗೆ ಕಟ್ಟಲು ಹೊರಟರು. ಅವರು ನಿವೃತ್ತರಾದ ದಿನ ಸೀಟಿ ಕಳೆದುಹೋಯಿತು, ಯಾರೂ ಹುಡುಕಲಿಲ್ಲ. ಆ ಯೋಜನೆಗಳೆಲ್ಲ ಗುಮಾಸ್ತರ ಕಬ್ಬಿಣದ ಬೀರುವಿನಲ್ಲಿ ತಣ್ಣಗೆ ಮಲಗಿವೆ, ಯಾರಿಗೂ ಕೆಡುಕು ಮಾಡಲಿಲ್ಲ. ನೀನು ಹಾಗಲ್ಲ, ಹೇಳಿದ್ದನ್ನು ಮಾಡುವವಳು. ನನ್ನ ಭಯವೇ ಅದು.

ಜುಲೈ ಒಂದರಿಂದ ಗೇಟಿನಲ್ಲಿ ಹೆಬ್ಬೆಟ್ಟಿನ ಯಂತ್ರ. ಒಂಬತ್ತಕ್ಕೆ ಗೇಟು ಬಂದ್. ಆಮೇಲೆ ಬಂದವರು ಆ ದಿನ ಗೈರು. ಗೈರು ಹೆಚ್ಚಾದರೆ ಪರೀಕ್ಷೆಗೆ ಕೂರುವಂತಿಲ್ಲ. ಪುಸ್ತಿಕೆ ಬಿಡುಗಡೆಯ ಸಭೆಯಲ್ಲಿ ಇದನ್ನು ಹೇಳಿ ನೀನು ಪರದೆಯ ಮೇಲೆ ನಿನ್ನ ಐದನೇ ತರಗತಿಯ ಪೂರ್ಣ ಹಾಜರಾತಿ ಪ್ರಮಾಣಪತ್ರ ತೋರಿಸಿದೆ. ‘ನಾನೂ ಇದೇ ಶಾಲೆಯ ಹುಡುಗಿ, ನಮ್ಮ ಮನೇಲೂ ಕಷ್ಟ ಇತ್ತು. ಒಂದು ದಿನಾನೂ ತಪ್ಪಿಸಲಿಲ್ಲ, ಒಂದು ದಿನಾನೂ ತಡ ಮಾಡಲಿಲ್ಲ. ಮನಸ್ಸಿದ್ರೆ ಆಗುತ್ತೆ’ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ನಾನೂ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೆ.

ನಮ್ಮ ಶಾಲೆಯ ಪೆನ್ಸಿಲ್ ಹಾಜರಿ ನಿನಗೆ ಗೊತ್ತು. ಮೊದಲ ಗಂಟೆಗೆ ಬಾರದವರಿಗೆ ಪೆನ್ಸಿಲಿನಲ್ಲಿ ಗೈರು ಹಾಕುವುದು, ಎರಡನೇ ಪೀರಿಯಡ್ ಮುಗಿಯುವುದರೊಳಗೆ ಬಂದರೆ ಅದನ್ನು ಅಳಿಸಿ ಶಾಯಿಯಲ್ಲಿ ಹಾಜರಿ ಹಾಕುವುದು. ಯಾವ ಸುತ್ತೋಲೆಯಲ್ಲೂ ಇದಿಲ್ಲ. ರಿಜಿಸ್ಟರಿಗೆ ದಾರದಲ್ಲಿ ಕಟ್ಟಿದ ರಬ್ಬರ್ ಮಾತ್ರ ಒಬ್ಬ ಟೀಚರಿಂದ ಇನ್ನೊಬ್ಬರಿಗೆ ದಾಟುತ್ತಾ ಬಂದಿದೆ. ನೀನು ಅದನ್ನು ‘ಅಶಿಸ್ತಿನ ಪರಂಪರೆ’ ಎಂದು ಬರೆದಿದ್ದೀಯ. ಶುರು ಮಾಡಿದವಳು ನಾನು. ಅದಕ್ಕೆ ಮೊದಲು ನಾನೂ ಶಾಯಿಯವಳೇ.

ಸಂಜೆ ನನ್ನ ಹತ್ತಿರ ಲೆಕ್ಕ ಹೇಳಿಸಿಕೊಳ್ಳಲು ಬರುವ ಏಳನೇ ತರಗತಿಯ ಜೋಡಿಜಡೆಯವಳು ಗೊತ್ತಲ್ಲ, ಅವಳ ತಾಯಿ ಆಸ್ಪತ್ರೆಯ ವಾರ್ಡು ತೊಳೆಯಲು ಬೆಳಿಗ್ಗೆ ಆರಕ್ಕೇ ಹೊರಡುತ್ತಾಳೆ. ಪುಟ್ಟ ತಂಗಿಯನ್ನು ಬಿಡುವ ಶಿಶುವಿಹಾರ ತೆರೆಯುವುದೇ ಒಂಬತ್ತಕ್ಕೆ. ಮಗುವನ್ನು ಒಳಗೆ ಬಿಟ್ಟು ಓಡಿದರೂ ಶಾಲೆ ಮುಟ್ಟುವಾಗ ಒಂಬತ್ತೂ ಇಪ್ಪತ್ತು. ‘ಟೀಚರ್, ಹೆಬ್ಬೆಟ್ಟೊಂದನ್ನ ಮೊದಲೇ ಕಳಿಸಿಬಿಡೋ ಹಾಗಿದ್ರೆ ಚೆನ್ನಾಗಿರ್ತಿತ್ತು ಅಲ್ವಾ?’ ಎಂದು ನಗುತ್ತಾ ಕೇಳಿದಳು. ನಕ್ಕಮೇಲೆ ಇಡೀ ಸಂಜೆ ಒಂದು ಲೆಕ್ಕವನ್ನೂ ಸರಿಯಾಗಿ ಮಾಡಲಿಲ್ಲ.

ಇನ್ನೊಬ್ಬಳು ಮೂಲೆಯಂಗಡಿಯ ದರ್ಜಿ. ಐದನೇ ತರಗತಿಯಲ್ಲಿ ನಿನ್ನ ಬೆಂಚಿನಲ್ಲೇ ಕೂರುತ್ತಿದ್ದಳು, ನಿಮ್ಮಿಬ್ಬರಿಗೂ ನಾನೇ ಕ್ಲಾಸ್ ಟೀಚರ್. ದಿನಾ ತಡವಾಗಿ ಬರುತ್ತಿದ್ದಳು. ನಾನು ದಿನಾ ಶಾಯಿಯಲ್ಲಿ ಗೈರು ಹಾಕಿದೆ. ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ, ಮರುವರ್ಷ ಅವಳು ಬರಲೇ ಇಲ್ಲ. ಹೋದ ವಾರ ನನ್ನ ಅಳತೆ ತೆಗೆಯುತ್ತಾ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ‘ನಿಮ್ಮ ಮಗಳು ಹೆಡ್‌ಮಿಸ್ ಆದ್ಲಂತೆ! ಆಗ್ಲೇಬೇಕು ಬಿಡಿ ಟೀಚರ್. ಅವಳು ಟೈಮಿಗೆ ಸರಿಯಾಗಿ ಬರ್ತಿದ್ಲು, ನನಗೆ ಆ ಬುದ್ಧಿ ಇರ್ಲಿಲ್ಲ’ ಅಂದಳು. ಕೊಂಕಿಲ್ಲ, ಸಿಟ್ಟಿಲ್ಲ. ನಾನು ತೋಳು ಚಾಚಿಕೊಂಡು ನಿಂತೇ ಇದ್ದೆ. ‘ಕೈ ಇಳಿಸಿ ಟೀಚರ್, ಆಯ್ತು’ ಎಂದು ಅವಳೇ ಎರಡು ಸಲ ಹೇಳಬೇಕಾಯಿತು.

ಯಂತ್ರ ಬೇಡ ಎನ್ನುವಷ್ಟು ಹಳಬಳಲ್ಲ ನಾನು. ಇರಲಿ. ಗೇಟನ್ನು ಮಾತ್ರ ಎರಡನೇ ಪೀರಿಯಡ್ ಮುಗಿಯುವವರೆಗೆ ತೆರೆದಿಡು. ಹತ್ತು ವರ್ಷದ ಭವಿಷ್ಯ ಕಟ್ಟುವವಳು ದಿನಕ್ಕೆ ಒಂದೂವರೆ ಗಂಟೆ ಕಾಯಲಾರೆಯಾ? ವಾದ ಮಾಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಆಗದು ಅಂದರೆ ಆಗದು ಎಂದು ಬರೆದು ಕಳಿಸು, ಊಟಕ್ಕೆ ಕೂತಾಗ ಕೇಳುವುದಿಲ್ಲ. ಆದರೆ ಆ ಜೋಡಿಜಡೆಯವಳಿಗೆ ನೀನೇ ಕೂರಿಸಿಕೊಂಡು ಹೇಳಬೇಕು.

ಹಾಲು ಕಾಯಿಸಿಟ್ಟಿರುತ್ತೇನೆ, ಮನೆಗೆ ಬಂದು ಕುಡಿ.

ನಿನ್ನ,
ಅಮ್ಮ

ಮರೆತಿದ್ದೆ: ಹಳೆಯ ರಿಜಿಸ್ಟರುಗಳನ್ನು ರದ್ದಿಗೆ ಹಾಕಬೇಕೆಂದು ಮೂವತ್ತೆಂಟನೇ ಪುಟದಲ್ಲಿದೆ. ಅದರಲ್ಲೊಂದನ್ನು, ನಿಮ್ಮ ಐದನೇ ತರಗತಿಯದನ್ನು, ಗುಮಾಸ್ತರಿಂದ ಕೇಳಿ ತಂದಿದ್ದೇನೆ, ಸೋಮವಾರ ನಿನ್ನ ದಿಂಬಿನ ಪಕ್ಕ ಇಟ್ಟಿರುತ್ತೇನೆ. ಮರೆತಿದ್ದೆ ಎಂದದ್ದು ಸುಳ್ಳು. ಮೇಲೆ ಬರೆಯಲು ಧೈರ್ಯವಾಗಲಿಲ್ಲ. ನಿನ್ನಪ್ಪ ಹಾಸಿಗೆ ಹಿಡಿದ ಆ ವರ್ಷ, ಪ್ರಾರ್ಥನೆಯ ಗಂಟೆಗೆ ನಾನು ಓಡುತ್ತಿದ್ದೆ. ತಮ್ಮನನ್ನು ಚಿಕ್ಕಮ್ಮನ ಮನೆಗೆ ಬಿಟ್ಟು ನೀನು ಆಮೇಲೆ ಬರುತ್ತಿದ್ದೆ. ನಿನಗದು ನೆನಪಿಲ್ಲದಿರುವುದು ನಿನ್ನ ತಪ್ಪಲ್ಲ. ಯಾರೂ ಬೈಯದ ತಡ ನೆನಪಿನಲ್ಲಿ ಉಳಿಯುವುದಿಲ್ಲ. ಹದಿನೇಳನೇ ನಂಬರ್ ನಿನ್ನದು. ಕಿಟಕಿಯ ಬೆಳಕಿಗೆ ಹಿಡಿದು ನೋಡು, ನಲವತ್ತಮೂರು ದಿನಗಳ ಶಾಯಿಯ ಕೆಳಗೆ ಅಳಿಸಿದ ಪೆನ್ಸಿಲ್ ಕಾಣುತ್ತದೆ. ಹದಿನೆಂಟು ನಿನ್ನ ಬೆಂಚಿನವಳದು. ಅಲ್ಲಿ ಪೆನ್ಸಿಲ್ ಇಲ್ಲ.