ಜಡೆಮುದುಕನ ಎರಡು ಜಿಗಿತ

ಸವಣೂರು
ಮಂಗಳವಾರ, 18 ನವೆಂಬರ್ 2025

ನನ್ನ ಬಂಗಾರ ಸುಮೇಧಾ,

ನಿನ್ನ ಅಜ್ಜಿಯ ಆಶೀರ್ವಾದಗಳನ್ನು ಮೊದಲೇ ಬರೆದುಬಿಡುತ್ತೇನೆ. ನಡುವೆ ನಿನಗೆ ಸಿಟ್ಟು ಬಂದು ಪತ್ರವನ್ನು ಮಡಚಿ ಇಟ್ಟರೂ ಅವಾದರೂ ನಿನಗೆ ಮುಟ್ಟಿರಲಿ. ಆರೋಗ್ಯ ಹೇಗಿದೆ? ಮೋಜಣಿ ಕೆಲಸವೆಂದರೆ ದಿನವಿಡೀ ಬಿಸಿಲಲ್ಲಿ ಹೊಲ ಅಳೆಯುತ್ತ ಬದು ತುಳಿಯುವುದು ಎಂದು ನಿನ್ನ ಅಮ್ಮ ಪ್ರಿಯಂವದೆ ಹೇಳಿದಳು. ತಲೆಗೆ ಟವೆಲ್ಲಾದರೂ ಸುತ್ತಿಕೊಳ್ಳುತ್ತೀಯೋ ಇಲ್ಲವೋ? ಚಿಕ್ಕವನಿದ್ದಾಗ ಸ್ವಲ್ಪ ಬಿಸಿಲು ತಾಗಿದರೂ ನಿನ್ನ ಮೂಗಿನಲ್ಲಿ ರಕ್ತ ಬರುತ್ತಿತ್ತು, ಅದಕ್ಕೇ ಕೇಳುತ್ತೇನೆ. ನಿನ್ನ ಅಮ್ಮನ ಮಂಡಿನೋವು ಕಡಿಮೆಯಾಯಿತೇ? ಹಿರೇಕೆರೂರಿನ ಶಾಲೆಯಲ್ಲಿ ಅವಳಿಗೆ ಮೇಲಿನ ಮಹಡಿಯ ಕ್ಲಾಸು ಕೊಟ್ಟವರಿಗೆ ಏನನ್ನಬೇಕು. ನಾನು ಚೆನ್ನಾಗಿದ್ದೇನೆ. ನಿನ್ನ ವೇದಾ ಅತ್ತೆಯ ಮನೆಯಲ್ಲಿ ಊಟಕ್ಕೆ, ಬೈಗುಳಕ್ಕೆ ಯಾವುದಕ್ಕೂ ಕಡಿಮೆಯಿಲ್ಲ. ಅಕ್ಷರ ಸೊಟ್ಟಗೆ ಕಂಡರೆ ಪೆನ್ನನ್ನು ಬೈದುಕೋ. ಅವಳ ಬ್ಯಾಂಕಿನಲ್ಲಿ ಪುಕ್ಕಟೆ ಸಿಕ್ಕ ಪೆನ್ನು ಇದು.

ಮೊದಲು ನಗುವ ಸುದ್ದಿ. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನಿನ್ನ ಅಜ್ಜಿ ಮತ್ತೆ ಗರಡಿಗೆ ಇಳಿದಿದ್ದಾಳೆ. ಹೌದು, ಅದೇ ಗರಡಿ, ಟೀವಿಯಲ್ಲಿ ಇಬ್ಬರು ಗುದ್ದಾಡುವ ವಿಡಿಯೋ ಗೇಮು. ಅದರ ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ನಾನೇ ಇಟ್ಟ ಹೆಸರಲ್ಲವೇ? ಆಗ ನಾವು ಆಡುತ್ತಿದ್ದದ್ದು ನಾಲ್ಕನೆಯ ಭಾಗ, ಈಗ ಎಂಟನೆಯದು ಬಂದಿದೆ. ಹೋದ ತಿಂಗಳು ಫೋನಿನ ಬ್ಯಾಟರಿ ಹಾಕಿಸಲು ಬಸ್‌ಸ್ಟ್ಯಾಂಡಿನ ಹತ್ತಿರ ದಿಲ್ಶಾದನ ಅಂಗಡಿಗೆ ಹೋಗಿದ್ದೆ. ನಿಮ್ಮಪ್ಪನಿಗೆ ಆ ಆಟದ ಯಂತ್ರವನ್ನು ತರಿಸಿಕೊಟ್ಟವನು, ಜೊತೆಗೆ ಕೂತು ಆಡುತ್ತಿದ್ದವನು, ನೆನಪಿರಬೇಕು. ಈಗ ತಲೆಕೂದಲು ಉದುರಿ ನುಣ್ಣಗಾಗಿದೆ. ಬೆನ್ನ ಹಿಂದಿನ ಟೀವಿಯಲ್ಲಿ ಗಂಟೆ ಮೂರು ಸಲ ಹೊಡೆದು ಆಟ ಶುರು ಮಾಡಿಸುವ ಆ ಒಡಕು ದನಿಯವನು ಅರಚಿದ ನೋಡು, ನನ್ನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಹನ್ನೊಂದು ವರ್ಷ ನಾನು ಆ ಸದ್ದು ಕೇಳಿರಲಿಲ್ಲ. ದಿಲ್ಶಾದ ಏನೂ ಕೇಳದೆ ಸ್ಟೂಲು ಎಳೆದುಕೊಟ್ಟ, "ಕುಂತ್ರಿ ಅಜ್ಜಿ, ಒಂದ ಕೈ ನೋಡ್ರಿ" ಎಂದ.

ಆಟದ ಪೈಲ್ವಾನರೆಲ್ಲ ಹೊಸ ಮುಖಗಳಪ್ಪಾ. ಮೂವತ್ತು ನಲವತ್ತು ಜನ, ಒಬ್ಬರ ಕೂದಲು ಹಸಿರು, ಇನ್ನೊಬ್ಬಳ ಕೈಯೇ ಕಬ್ಬಿಣದ್ದು. ನನ್ನ ದೊಣ್ಣೆಯ ಹೆಂಗಸನ್ನು, ನಾನು ವೀರವ್ವ ಎಂದು ಕರೆಯುತ್ತಿದ್ದವಳನ್ನು, ತೆಗೆದೇಬಿಟ್ಟಿದ್ದಾರೆ. ನಿಮ್ಮಪ್ಪ ಯಾವಾಗಲೂ ಆಡಿಸುತ್ತಿದ್ದ ಜಡೆಮುದುಕ ಮಾತ್ರ ಕೊನೆಯ ಸಾಲಿನ ಮೂಲೆಯಲ್ಲಿ ಸಿಕ್ಕ. ಜಡೆ ಪೂರ್ತಿ ಬೆಳ್ಳಗಾಗಿದೆ, ಒಂದು ಕಣ್ಣಿಗೆ ಪಟ್ಟಿ, ಬೆನ್ನು ಬಾಗಿದೆ. ಆಟ ಮಾಡುವವರು ಅವನಿಗೂ ವಯಸ್ಸು ಕೊಟ್ಟಿದ್ದಾರೆ. ನನ್ನ ಮಗ ಮಧ್ವೇಶನಿಗೆ ಮಾತ್ರ ಇನ್ನೂ ನಲವತ್ತೊಂದು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಆದರೂ ಅತ್ತುಬಿಟ್ಟೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ, ನೀನು ಆಗ ಬಹಳ ಸಣ್ಣವನು. ನಿಮ್ಮಜ್ಜನ ಪೂಜೆ ಎಂದರೆ ಗೊತ್ತಲ್ಲ, ಆ ಪುಣ್ಯಾತ್ಮ ಘಂಟೆ ಕೆಳಗಿಡುವುದರೊಳಗೆ ಹೊತ್ತು ನೆತ್ತಿಗೆ ಬರುತ್ತಿತ್ತು. ಅಡುಗೆ ಮುಗಿಸಿ, ಮಡಿಯಲ್ಲಿ, ಹೊಟ್ಟೆ ಹಸಿದುಕೊಂಡು ನಾನು ಕಾಯಬೇಕು. ರವಿವಾರ ಕೋರ್ಟಿಗೆ ರಜೆ, ನಿಮ್ಮಪ್ಪನಿಗೆ ಎದುರು ಆಡಲು ಯಾರೂ ಇಲ್ಲ. ಜಾಯ್‌ಸ್ಟಿಕ್ಕು ಮುಟ್ಟಿದರೆ ಮಡಿ ಹೋಗುತ್ತದೆ ಎಂದು ನಾನು. ಶಿಗ್ಗಾವಿಯಲ್ಲಿ ವಾದ ಮಾಡುವ ವಕೀಲ ಸುಮ್ಮನಿರುತ್ತಾನೆಯೇ? ನನ್ನ ಹರಿದ ಪಟ್ಟೆಸೀರೆಯ ತುಂಡು ಕತ್ತರಿಸಿ, ತಾನೇ ಸೂಜಿ ಹಿಡಿದು, ಅದಕ್ಕೊಂದು ಕವಚ ಹೊಲಿದ. "ರೇಷ್ಮಿಗೆ ಮೈಲಿಗಿ ಇಲ್ಲ, ನೀನ ಹೇಳ್ತಿ ಹೌದಲ್ಲೊ? ಹಿಡಿ ಇನ್ನ" ಎಂದ. ಹಾಗೆ ಆರು ವರ್ಷ ತಾಯಿ ಮಗ ಗುದ್ದಾಡಿದೆವು. ಆಮೇಲೆ ನೀನು ಬೆಳೆದೆ, ನನ್ನ ಜಾಗಕ್ಕೆ ನೀನು ಬಂದೆ, ನಾನು ಹಿಂದೆ ಕೂತು ಹೂಬತ್ತಿ ಹೊಸೆಯುತ್ತ ನೋಡುತ್ತಿದ್ದೆ.

ಇನ್ನು ಬರೆಯಬೇಕಾದದ್ದನ್ನು ಬರೆಯುತ್ತೇನೆ. ತಡಸದ ಹತ್ತಿರ ಲಾರಿ ಬಡಿದು ನಿಮ್ಮಪ್ಪ ಹೋದ. ನಾಲ್ಕನೆಯ ದಿನ ನೀನು ಆ ಯಂತ್ರದ ಮುಂದೆ ಕೂತಿದ್ದೆ. ಮನೆ ತುಂಬ ನೆಂಟರು, ಒಬ್ಬೊಬ್ಬರೂ ನಿನ್ನನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು, ಸುಮೇಧಾ, ಮಗ ಸತ್ತ ಮನೆಯಲ್ಲಿ ನನಗೆ ನೆಂಟರ ಮುಂದೆ ನಾಚಿಕೆಯಾಯಿತು. "ಅಪ್ಪ ಹೋಗಿ ವಾರಾ ಆಗಿಲ್ಲ, ಆಟ ಬೇಕೇನೋ ನಿನಗ?" ಎಂದು ಕೂಗಿ ವೈರು ಕಿತ್ತೆ. ಹನ್ನೆರಡನೆಯ ದಿನ ಹಾನಗಲ್ಲಿನ ಶ್ರೀರಾಮಾಚಾರ್ಯರು ದಾನ ತೆಗೆದುಕೊಳ್ಳಲು ಕೂತಿದ್ದರು. ಹಾಸಿಗೆ, ಕೊಡೆ, ಚಪ್ಪಲಿ, ತಂಬಿಗೆ ಎಲ್ಲ ಇಟ್ಟಾಗಿತ್ತು. ತೀರಿಕೊಂಡವರಿಗೆ ಬಹಳ ಪ್ರೀತಿಯದು ಏನಾದರೂ ಇದ್ದರೆ ಅದನ್ನೂ ಕೊಡುವ ಪದ್ಧತಿ ಇದೆ ಎಂದರು. ಯಾರೂ ಏಳಲಿಲ್ಲ, ನಾನೇ ಎದ್ದೆ. ಅವನಿಗೆ ಅದಕ್ಕಿಂತ ಪ್ರೀತಿಯದು ಮನೆಯಲ್ಲಿ ಇನ್ನೇನಿತ್ತು? ಮೋಹ ಹರಿದು ಮಗನ ದಾರಿ ಹಗುರಾಗಲಿ ಎಂದೇ ಆ ಯಂತ್ರ ತಂದಿಟ್ಟೆ, ರೇಷ್ಮೆಯ ಕವಚ ಸಮೇತ. ನೀನು ಒದ್ದೆ ಪಂಚೆಯಲ್ಲಿ, ಬೆರಳಲ್ಲಿ ದರ್ಭೆಯ ಉಂಗುರ ಹಾಕಿಕೊಂಡು ಕೂತಿದ್ದೆ. "ಅಜ್ಜಿ, ಕೊಡಬ್ಯಾಡ. ಅದರೊಳಗ ಅಪ್ಪ ಇದ್ದಾನ" ಎಂದೆ. ದುಃಖಕ್ಕೆ ಮಗು ಏನೋ ಬಡಬಡಿಸುತ್ತಿದೆ ಎಂದುಕೊಂಡೆ. ಕರ್ತೃ ನೀನೇ ತಾನೇ, ದಾನದ ನೀರು ನೀನೇ ಬಿಡಬೇಕು. ನೀನು ಕೈ ಬಿಗಿಹಿಡಿದಿದ್ದೆ. ನಿನ್ನ ಮಣಿಕಟ್ಟು ಹಿಡಿದು, ಬೆರಳು ಬಿಡಿಸಿ, ತುಳಸಿ ನೀರು ಬಿಡಿಸಿದವಳು ನಾನು. "ನ ಮಮ", ನನ್ನದಲ್ಲ, ಎಂದು ನಿನ್ನ ಬಾಯಿಂದಲೇ ಹೇಳಿಸಿದೆ.

ಎರಡು ತಿಂಗಳಿಗೆ ನಿನ್ನ ಅಮ್ಮನಿಗೆ ಹಿರೇಕೆರೂರಿನಲ್ಲಿ ಕೆಲಸ ಸಿಕ್ಕಿತು, ಹೋದಿರಿ. ಹತ್ತು ವರ್ಷ ನೀನು ಶ್ರಾದ್ಧಕ್ಕೆ ತಪ್ಪದೆ ಬಂದೆ, ಕೂತೆ, ಉಂಡೆ, ನಮಸ್ಕಾರ ಮಾಡಿ "ಬರ್ತೇನ್ರಿ" ಎಂದು ಹೋದೆ. ನನ್ನ ಸೆರಗಿಗೆ ಮೂಗು ಒರೆಸುತ್ತಿದ್ದ ಹುಡುಗ ನನಗೆ ರೀ ಹಚ್ಚಿ ಮಾತಾಡಿದ. ಈ ಶ್ರಾವಣದಲ್ಲಿ ಅದೂ ಇಲ್ಲ, ಅಲ್ಲಿಯೇ ಮಾಡಿಸಿದಿರಂತೆ. ಹದಿನಾರು ಎಲೆ ತಂದಿಟ್ಟುಕೊಂಡಿದ್ದೆ. ಇರಲಿ.

ನಿನ್ನ ಮಾತು ನನಗೆ ಅರ್ಥವಾಗಲು ದಿಲ್ಶಾದನ ಸ್ಟೂಲಿನ ಮೇಲೆ ಕೂರಬೇಕಾಯಿತು. ಆಟ ಮುಗಿದ ಮೇಲೆ, ಆಡಿದ್ದನ್ನು ಉಳಿಸಿಡಲೇ ಎಂದು ಟೀವಿ ಕೇಳಿತು. ಹಿಂದಿನ ಆಟಗಳ ಪಟ್ಟಿ ಬಂತು, ಆಡಿದವರ ಹೆಸರು, ತಾರೀಖು. ಒತ್ತಿದರೆ ಅವತ್ತಿನ ಆಟವೇ ಹಾಗೇ ಮತ್ತೆ ನಡೆಯುತ್ತದೆ. ಹಳೆಯ ಯಂತ್ರದಲ್ಲೂ ಹೀಗಿತ್ತೇ ಎಂದು ಕೇಳಿದೆ. "ಇತ್ತಲ್ರಿ ಅಜ್ಜಿ! ಮಧ್ವೇಶಣ್ಣಾರು ಮಗನ ಜೋಡಿ ಆಡಿದ್ದು ಒಂದೂ ಬಿಡದ ಇಟ್ಟಿದ್ರು. ದೊಡ್ಡಾವಾದ ಮ್ಯಾಲ ತೋರಸ್ತೇನಿ ಅಂತಿದ್ರು" ಎಂದ. ನೀನು ಅವತ್ತು ಆಡಲು ಕೂತಿರಲಿಲ್ಲ, ಅಪ್ಪನನ್ನು ನೋಡಲು ಕೂತಿದ್ದೆ. ನಾನು ವೈರು ಕಿತ್ತೆ.

ಮರುದಿನವೇ ಹಾನಗಲ್ಲಿನ ಬಸ್ಸು ಹತ್ತಿದೆ. ಆಚಾರ್ಯರು ಯಂತ್ರವನ್ನು ತಂಗಿಯ ಮನೆಗೆ ಕೊಟ್ಟಿದ್ದರು. ಆಕೆಯ ಮಕ್ಕಳು ಅದು ಬಂದ ವಾರದಲ್ಲೇ ಹಳೆಯದನ್ನೆಲ್ಲ ಅಳಿಸಿ ತಮ್ಮ ಹೆಸರು ಹಾಕಿಕೊಂಡಿದ್ದರಂತೆ. ಮಕ್ಕಳ ತಪ್ಪೇನಿದೆ, ತಮಗೆ ಕೊಟ್ಟ ವಸ್ತು. ಆಚಾರ್ಯರು ಪೆಟ್ಟಿಗೆಯಿಂದ ಆ ರೇಷ್ಮೆಯ ಕವಚ ತೆಗೆದು, "ಇದು ದಾನದ ಮಂತ್ರದಾಗ ಬಂದಿಲ್ರಿ, ಮ್ಯಾಲ ಸುತ್ತಿಕೊಂಡ ಬಂದದ್ದು. ಇದನ್ನ ತೊಗೊಂಡ ಹೋಗ್ರಿ" ಎಂದರು. ಬಸ್ಸಿನಲ್ಲಿ ಸವಣೂರಿನವರೆಗೂ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದೆ. ನಿಮ್ಮಪ್ಪನ ಹೊಲಿಗೆ ಇನ್ನೂ ಬಿಚ್ಚಿಲ್ಲ.

ಈಗ ದಿನಾ ಮಧ್ಯಾಹ್ನ ದಿಲ್ಶಾದನ ಅಂಗಡಿಯಲ್ಲಿ ಕೂರುತ್ತೇನೆ. ವೇದಾ ಬ್ಯಾಂಕಿನಿಂದ ಬಂದು ನನ್ನನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗುತ್ತಾಳೆ, ದಾರಿಯುದ್ದಕ್ಕೂ ಗೊಣಗುತ್ತಾಳೆ. ಜಾಯ್‌ಸ್ಟಿಕ್ಕಿಗೆ ಆ ಕವಚ ಹಾಕಿಕೊಂಡು ಜಡೆಮುದುಕನನ್ನೇ ಹಿಡಿಯುತ್ತೇನೆ, ನಿಮ್ಮಪ್ಪನ ಹಾಗೆ ಆಡಲು. ಮೊದಲು ಬೆರಳು ಕೇಳಲಿಲ್ಲ, ಗುಂಡಿಗಳೂ ಬದಲಾಗಿವೆ. ಆದರೆ ಮಗನ ಆಟವನ್ನು ಆರು ವರ್ಷ ಎದುರಿಂದ, ಐದು ವರ್ಷ ಹಿಂದಿನಿಂದ ನೋಡಿದವಳು ನಾನು. ಎರಡು ಹೆಜ್ಜೆ ಹಿಂದೆ ಸರಿಯುವುದು, ಕುಕ್ಕರಿಸಿ ಕೂರುವುದು, ಎದುರಾಳಿ ನೀನಾಗಿದ್ದರೆ ಮೊದಲ ಏಟು ಬೇಕೆಂದೇ ತಿನ್ನುವುದು. ನಿನಗೆ ಅದು ತಿಳಿದಿರಲಿಲ್ಲ, ದೊಡ್ಡ ಪೈಲ್ವಾನನ ಹಾಗೆ ಕುಣಿಯುತ್ತಿದ್ದೆ. ಮತ್ತೆ ಗೆಲ್ಲುವ ಗಳಿಗೆಯಲ್ಲಿ, ಕೊನೆಯ ಏಟಿಗೆ ಮುಂಚೆ, ಮುದುಕನನ್ನು ನಿಂತಲ್ಲೇ ಎರಡು ಸಲ ಜಿಗಿಸುವುದು. ನೀನು ತಯಾರಾಗಲಿ ಎಂದು ಆ ಎರಡು ಜಿಗಿತ. ಮೊನ್ನೆ ಅದು ಮೊದಲ ಸಲ ನನಗೆ ಸರಿಯಾಗಿ ಬಂತು. ದಿಲ್ಶಾದ ಜಾಯ್‌ಸ್ಟಿಕ್ಕು ಕೆಳಗಿಟ್ಟ. "ಇವತ್ತ ಸಾಕ್ರಿ ಅಜ್ಜಿ" ಎಂದು ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತುಬಿಟ್ಟ. ಆಮೇಲೆ, ಈ ಆಟ ಉಳಿಸಿಡೋಣವೇ ಎಂದು ಕೇಳಿದ. ಬೇಡ ಎಂದೆ. ನಿನ್ನ ಎದುರು ಆಡುವಾಗ ನಿಮ್ಮಪ್ಪ ಬೇರೆಯೇ ಆಡುತ್ತಿದ್ದ, ಉಳಿಸುವುದಾದರೆ ಅದನ್ನೇ ಉಳಿಸಬೇಕು.

ಕ್ಷಮಿಸು ಎಂದು ಕೇಳಲು ನನಗೆ ಬಾಯಿಲ್ಲ. ಅಳಿಸಿಹೋದದ್ದನ್ನು ತಂದುಕೊಡುವ ಶಕ್ತಿಯೂ ಇಲ್ಲ. ಒಂದು ಮಧ್ಯಾಹ್ನ ಬಂದು ಎದುರಿಗೆ ಕೂತುಕೋ, ಅಷ್ಟೇ. ಮಾತಾಡಲೇಬೇಕೆಂದಿಲ್ಲ. ಟೀವಿ ನೋಡು, ನನ್ನ ಮುಖ ನೋಡಬೇಡ. ಪ್ರಿಯಂವದೆಗೆ ನನ್ನ ಆಶೀರ್ವಾದ ತಿಳಿಸು, ಬರುವಾಗ ಅವಳನ್ನೂ ಕರೆದುಕೊಂಡು ಬಾ. ಅವಳಿಗೆ ಇಷ್ಟವೆಂದು ಸವಣೂರಿನ ಕುರುಕಲು ಖಾರದ ಪೊಟ್ಟಣ ಕಟ್ಟಿಸಿಟ್ಟಿದ್ದೇನೆ. ಗುರುರಾಯರು ನಿನ್ನನ್ನು ನೂರು ಕಾಲ ಕಾಪಾಡಲಿ.

ಇಂತಿ ನಿನ್ನ ಕೈಹಿಡಿದು ನೀರು ಬಿಡಿಸಿದ,
ಅಜ್ಜಿ ತುಳಸಾಬಾಯಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೇಲೆ ಪೆನ್ನಿನ ಬಗ್ಗೆ ಹೇಳಿದ್ದು ಸುಳ್ಳು. ಬಲಗೈ ನಡುಗುತ್ತದೆ, ಕಂಪವಾತ. ಗುಳಿಗೆ ಇದೆ, ಆದರೆ ಇದು ಹೆಚ್ಚುತ್ತಲೇ ಹೋಗುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ನಿನ್ನೆ ಎರಡು ಸಲ ಜಿಗಿಯಬೇಕಾದ ಮುದುಕ ಮೂರು ಸಲ ಜಿಗಿದ. ಆ ಮೂರನೆಯದು ನಿಮ್ಮಪ್ಪನದಲ್ಲ. ಇನ್ನೂ ಕೆಲವು ದಿನ ಎರಡಕ್ಕೇ ನಿಲ್ಲಿಸಬಲ್ಲೆ, ಅಷ್ಟರೊಳಗೆ ಬಾ.